ಹಳೆಯ ಕಾರುಗಳಲ್ಲಿ ಇಂಜಿನ್ ಅತಿಯಾಗಿ ಬಿಸಿಯಾಗುವುದು ಮತ್ತು ತೈಲ ಒತ್ತಡ ಕುಸಿಯುವುದು: ಬೀದರ್, ಭಾಲ್ಕಿ ಹಾಗೂ ಔರಾದ್ ಭಾಗದ ವಾಹನ ಮಾಲೀಕರ ತಿಳುವಳಿಕೆಗಾಗಿ

ಪೀಠಿಕೆ

ಬೀದರ್ ಜಿಲ್ಲೆಯು ಕರ್ನಾಟಕ ರಾಜ್ಯದ ಉತ್ತರ ತುದಿಯಲ್ಲಿದ್ದು, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಔರಾದ್ ಕಡೆಯಿಂದ ಬರುವ ರಸ್ತೆಯು ಮಾಂಜ್ರಾ ನದಿಯನ್ನು ದಾಟಿ ಬೀದರ್ ನಗರವಿರುವ ಎತ್ತರದ ಪ್ರಸ್ಥಭೂಮಿಯನ್ನು ಏರುತ್ತದೆ. ಬಿಸಿಲು, ಏರು ಮತ್ತು ಪೂರ್ಣ ಪ್ರಮಾಣದ ಪ್ರಯಾಣಿಕರ ಭಾರ ಒಟ್ಟಿಗೆ ಬಂದಾಗ ಹಳೆಯ ಕಾರಿನ ಇಂಜಿನ್‌ನಲ್ಲಿ ಅಡಗಿದ್ದ ದೋಷಗಳು ಹೊರಬೀಳುತ್ತವೆ.

ಮಾರುತಿ 800 ಮತ್ತು ಅಂಬಾಸಿಡರ್ ಕಾರುಗಳ ತಯಾರಿಕೆ 2014ರಲ್ಲಿ ನಿಂತಿರುತ್ತದೆ. ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತಿದೆ. ಇಂತಹ ವಾಹನಗಳ ಮಾಲೀಕರು ದೋಷದ ಲಕ್ಷಣಗಳನ್ನು ಆರಂಭದಲ್ಲಿಯೇ ಗುರುತಿಸಿದಲ್ಲಿ ಅಲ್ಪ ವೆಚ್ಚದಲ್ಲಿ ದುರಸ್ತಿ ಸಾಧ್ಯ. ನಿರ್ಲಕ್ಷಿಸಿದಲ್ಲಿ ಇಂಜಿನ್ ಕಟ್ಟಿಕೊಂಡು, ದುರಸ್ತಿಯ ವೆಚ್ಚವು ಸವಕಳಿ ಕಳೆದುಳಿದ ವಾಹನದ ಬೆಲೆಯನ್ನೇ ಮೀರಬಹುದು. ಈ ಹಿನ್ನೆಲೆಯಲ್ಲಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಎರಡು ದೋಷಗಳ ಪರಸ್ಪರ ಸಂಬಂಧ

ಇಂಧನ ಉರಿದಾಗ ಹೊರಡುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಕೂಲೆಂಟ್ ಎಂಬ ಶೀತಕ ದ್ರವವು ಹೀರಿಕೊಂಡು ರೇಡಿಯೇಟರ್ ಮೂಲಕ ಗಾಳಿಗೆ ಬಿಡುತ್ತದೆ. ಇಂಜಿನ್ ಆಯಿಲ್ ಸಹ ಬೇರಿಂಗ್ ಮತ್ತು ಪಿಸ್ಟನ್‌ಗಳಿಂದ ಶಾಖವನ್ನು ಹೊರತರುತ್ತದೆ. ಇಂಜಿನ್ ಮಿತಿಮೀರಿ ಬಿಸಿಯಾದರೆ ಆಯಿಲ್ ತೆಳುವಾಗಿ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಬೇರಿಂಗ್‌ಗಳಲ್ಲಿ ಘರ್ಷಣೆ ಹೆಚ್ಚಿ ಶಾಖ ಮತ್ತಷ್ಟು ಏರುತ್ತದೆ. ಆದುದರಿಂದ ಎರಡೂ ಸೂಚನೆಗಳು ಒಟ್ಟಿಗೆ ಕಂಡುಬಂದಾಗ ಯಾವುದು ಮೊದಲು ಆರಂಭವಾಯಿತು ಎಂಬುದನ್ನು ನೆನಪಿಟ್ಟು ಮೆಕ್ಯಾನಿಕ್‌ಗೆ ತಿಳಿಸುವುದು ಅತ್ಯಗತ್ಯವಾಗಿರುತ್ತದೆ.

ಇಂಜಿನ್ ಬಿಸಿಯಾಗುವ ಸಂದರ್ಭವನ್ನು ಆಧರಿಸಿ ಕಾರಣ ಗುರುತಿಸುವ ವಿಧಾನ

1. ವಾಹನವು ನಿಂತಾಗ ಅಥವಾ ಮಾರುಕಟ್ಟೆ ರಸ್ತೆಯಲ್ಲಿ ನಿಧಾನವಾಗಿ ಸಾಗುವಾಗ ಮಾತ್ರ ಬಿಸಿಯಾಗಿ, ವೇಗ ಹೆಚ್ಚಿದಾಗ ತಣಿಯುತ್ತಿದ್ದಲ್ಲಿ ಫ್ಯಾನ್ ವ್ಯವಸ್ಥೆಯನ್ನು ಪರಿಶೀಲಿಸತಕ್ಕದ್ದು. ಬೆಲ್ಟ್‌ನಿಂದ ತಿರುಗುವ ಫ್ಯಾನ್ ಇದ್ದರೆ ಬೆಲ್ಟ್ ಸಡಿಲಗೊಂಡಿರಬಹುದು. ವಿದ್ಯುತ್ ಫ್ಯಾನ್ ಇದ್ದರೆ ಮೋಟಾರ್, ಫ್ಯೂಸ್ ಅಥವಾ ಉಷ್ಣಾಂಶಕ್ಕೆ ಸ್ಪಂದಿಸುವ ಸ್ವಿಚ್ ಕೆಟ್ಟಿರಬಹುದು.

2. ವೇಗದಲ್ಲಿ ಅಥವಾ ಏರಿನಲ್ಲಿ ಬಿಸಿಯಾಗುತ್ತಿದ್ದಲ್ಲಿ ರೇಡಿಯೇಟರ್ ಒಳಗೆ ಉಪ್ಪಿನ ಪದರ ಕಟ್ಟಿರುವುದು ಅಥವಾ ಹೊರಗೆ ಧೂಳು, ಹೊಟ್ಟು ತುಂಬಿರುವುದು ಸಾಮಾನ್ಯ ಕಾರಣ. ತೊಗರಿ, ಸೋಯಾಬೀನ್ ರಾಶಿಯ ಸಮಯದಲ್ಲಿ ಹೊಲದ ರಸ್ತೆಗಳಲ್ಲಿ ಓಡಾಡುವ ವಾಹನಗಳ ರೇಡಿಯೇಟರ್ ರೆಕ್ಕೆಗಳನ್ನು ಪದೇ ಪದೇ ಶುಚಿಗೊಳಿಸಬೇಕು. ವಾಟರ್ ಪಂಪ್ ಸವೆತ, ಇಗ್ನಿಷನ್ ಟೈಮಿಂಗ್ ತಡವಾಗಿರುವುದು, ಬ್ರೇಕ್ ಪೂರ್ಣ ಬಿಡದೆ ಹಿಡಿದುಕೊಂಡಿರುವುದು ಇತರೆ ಕಾರಣಗಳು.

3. ಹೊರಟ ಕೆಲವೇ ನಿಮಿಷಗಳಲ್ಲಿ ಮುಳ್ಳು ಕೆಂಪು ಗೆರೆಗೆ ಬಂದಲ್ಲಿ ಕೂಲೆಂಟ್ ಕಡಿಮೆಯಾಗಿರುವುದು ಅಥವಾ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇರುವುದು ಸಂಭವನೀಯ. ರೇಡಿಯೇಟರ್ ಮೇಲಿನ ಹೋಸ್ ಬಿಸಿಯಾಗಿದ್ದು ಕೆಳಗಿನ ಹೋಸ್ ತಣ್ಣಗೇ ಉಳಿದಿದ್ದರೆ ದ್ರವದ ಸಂಚಾರ ನಿಂತಿದೆಯೆಂದು ತಿಳಿಯುವುದು.

4. ಸೋರಿಕೆ ಕಾಣದಿದ್ದರೂ ಕೂಲೆಂಟ್ ಕಡಿಮೆಯಾಗುವುದು, ಇಂಜಿನ್ ಬಿಸಿಯಾದ ನಂತರವೂ ಹೊಗೆಕೊಳವೆಯಿಂದ ಬಿಳಿ ಹೊಗೆ ಬರುವುದು, ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗುವುದು, ಇವು ಹೆಡ್ ಗ್ಯಾಸ್ಕೆಟ್ ಕೆಟ್ಟಿರುವುದರ ಲಕ್ಷಣಗಳಾಗಿರುತ್ತವೆ. ಇಂತಹ ವಾಹನವನ್ನು ಚಲಾಯಿಸತಕ್ಕದ್ದಲ್ಲ.

ಕೂಲೆಂಟ್ ಪೂರ್ಣವಾಗಿ ಸೋರಿಹೋದಾಗ ಉಷ್ಣಾಂಶದ ಸೆನ್ಸರ್ ಬರಿದಾದ ಜಾಗದಲ್ಲಿ ಉಳಿದು, ಮುಳ್ಳು ಸಹಜ ಸ್ಥಿತಿಯನ್ನೇ ತೋರಿಸುವ ಸಾಧ್ಯತೆ ಇರುತ್ತದೆ. ಮುಳ್ಳು ಏರಿ ಏಕಾಏಕಿ ಇಳಿದರೆ ದೋಷ ನಿವಾರಣೆಯಾಯಿತೆಂದು ಭಾವಿಸದೆ ವಾಹನವನ್ನು ಕೂಡಲೇ ನಿಲ್ಲಿಸತಕ್ಕದ್ದು.

ನೀರು ಮತ್ತು ರೇಡಿಯೇಟರ್ ಮುಚ್ಚಳ

ಬೀದರ್ ನಗರವು ಸಮುದ್ರ ಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಸುಮಾರು 0.9 ಕಿಲೋಗ್ರಾಂ ಒತ್ತಡ ತಡೆಯುವ ರೇಡಿಯೇಟರ್ ಮುಚ್ಚಳವು ಸುಸ್ಥಿತಿಯಲ್ಲಿದ್ದರೆ ಈ ಮಿತಿಯು 118 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಮುಚ್ಚಳದ ರಬ್ಬರ್ ಬಿರಿದಿದ್ದರೆ ಈ ರಕ್ಷಣೆ ಇಲ್ಲವಾಗುತ್ತದೆ. ಕಡಿಮೆ ಬೆಲೆಯ ಈ ಭಾಗವನ್ನು ಮೊದಲು ಪರೀಕ್ಷಿಸುವುದು ಸೂಕ್ತ.

ಗಡಸು ಕೊಳವೆಬಾವಿ ನೀರನ್ನು ನಿರಂತರವಾಗಿ ಬಳಸಿದಲ್ಲಿ ರೇಡಿಯೇಟರ್ ಕೊಳವೆಗಳಲ್ಲಿ ಗಟ್ಟಿ ಪದರ ಕಟ್ಟುತ್ತದೆ. ಭಟ್ಟಿ ಇಳಿಸಿದ ನೀರಿನೊಂದಿಗೆ ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಕೂಲೆಂಟ್ ಬಳಸತಕ್ಕದ್ದು.

ಬೇಸಿಗೆಯಲ್ಲಿ ಥರ್ಮೋಸ್ಟಾಟ್ ತೆಗೆದುಹಾಕುವ ರೂಢಿ ಕೆಲವೆಡೆ ಇರುತ್ತದೆ. ಇದು ಸರಿಯಾದ ಪರಿಹಾರವಲ್ಲ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಸಾಕಷ್ಟು ಬಿಸಿಯೇರದೆ ಓಡಿ, ಉರಿಯದೆ ಉಳಿದ ಪೆಟ್ರೋಲ್ ಆಯಿಲ್‌ನೊಂದಿಗೆ ಬೆರೆಯುತ್ತದೆ. ಆಯಿಲ್ ತೆಳುವಾಗಿ ತೈಲ ಒತ್ತಡ ಕುಸಿಯುತ್ತದೆ. ಒಂದು ದೋಷಕ್ಕೆ ಮಾಡಿದ ಉಪಾಯವೇ ಇನ್ನೊಂದಕ್ಕೆ ಕಾರಣವಾದಂತಾಗುತ್ತದೆ.

ತೈಲ ಒತ್ತಡ ಕಡಿಮೆಯಾಗುವುದರ ಪತ್ತೆ

ಆಯಿಲ್ ದೀಪವು ಸಾಮಾನ್ಯವಾಗಿ ಒತ್ತಡವು ಚದರ ಸೆಂಟಿಮೀಟರಿಗೆ 0.3ರಿಂದ 0.5 ಕಿಲೋಗ್ರಾಂಗಿಂತ ಕೆಳಗಿಳಿದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಅಂದರೆ ದೀಪ ಕಾಣಿಸಿಕೊಳ್ಳುವ ವೇಳೆಗೆ ಅಪಾಯ ಆರಂಭವಾಗಿರುತ್ತದೆ. ಪರೀಕ್ಷೆಯನ್ನು ಈ ಕ್ರಮದಲ್ಲಿ ಕೈಗೊಳ್ಳುವುದು:

1. ಸಮತಟ್ಟಾದ ಜಾಗದಲ್ಲಿ ಇಂಜಿನ್ ನಿಲ್ಲಿಸಿ ಕೆಲವು ನಿಮಿಷಗಳ ನಂತರ ಡಿಪ್‌ಸ್ಟಿಕ್‌ನಿಂದ ಆಯಿಲ್ ಮಟ್ಟ ನೋಡುವುದು. ಮಟ್ಟ ಸರಿಯಿದ್ದ ಮಾತ್ರಕ್ಕೆ ಒತ್ತಡ ಸರಿಯಿದೆಯೆಂದು ಭಾವಿಸತಕ್ಕದ್ದಲ್ಲ.

2. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇದ್ದು ಮಟ್ಟವು ತಾನಾಗಿಯೇ ಏರಿದ್ದರೆ ಕಾರ್ಬ್ಯುರೇಟರ್ ಇರುವ ಹಳೆಯ ವಾಹನಗಳಲ್ಲಿ ಪೆಟ್ರೋಲ್ ಪಂಪ್‌ನ ಡಯಾಫ್ರಾಂ ಹರಿದಿರುವ ಸಾಧ್ಯತೆ ಇರುತ್ತದೆ.

3. ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದ ದಿನಾಂಕ, ಓಡಿದ ಕಿಲೋಮೀಟರ್ ಹಾಗೂ ಬಳಸಿದ ಗ್ರೇಡ್ ಪರಿಶೀಲಿಸುವುದು. ಇದಕ್ಕಾಗಿ ಪ್ರತಿ ವಾಹನಕ್ಕೂ ಒಂದು ಸಣ್ಣ ನೋಟ್‌ಬುಕ್ ಇಟ್ಟು, ಭರ್ತಿ ಮಾಡಿದ ಆಯಿಲ್ ಮತ್ತು ಕೂಲೆಂಟ್ ಪ್ರಮಾಣವನ್ನು ಆಯಾ ದಿನವೇ ನಮೂದಿಸುವುದು ಉಪಯುಕ್ತ. ಬಳಕೆ ಏರುತ್ತಿರುವುದು ಲೆಕ್ಕದಲ್ಲಿ ಮೊದಲು ಗೋಚರಿಸುತ್ತದೆ.

4. ಒತ್ತಡದ ಸ್ವಿಚ್ ಬಿಚ್ಚಿ ಆ ಜಾಗದಲ್ಲಿ ಮೆಕ್ಯಾನಿಕಲ್ ಗೇಜ್ ಜೋಡಿಸಿ, ಇಂಜಿನ್ ತಣ್ಣಗಿರುವಾಗ ಮತ್ತು ಬಿಸಿಯಾದ ನಂತರ ಅಳತೆ ಪಡೆಯುವುದು. ಬಿಸಿ ಇಂಜಿನ್‌ನಲ್ಲಿ ನಿಮಿಷಕ್ಕೆ ಪ್ರತಿ 1000 ಸುತ್ತಿಗೆ ಸುಮಾರು 0.7 ಕಿಲೋಗ್ರಾಂ ಒತ್ತಡ ಇರಬೇಕೆಂಬುದು ಸ್ಥೂಲ ಮಾನದಂಡ; ತಯಾರಕರ ಕೈಪಿಡಿಯ ಅಂಕಿಯೇ ಅಂತಿಮ.

5. ಗೇಜ್ ಸರಿಯಾದ ಒತ್ತಡ ತೋರಿಸಿದರೆ ಸ್ವಿಚ್ ಅಥವಾ ವೈರ್ ಮಾತ್ರ ದೋಷಪೂರಿತ. ತಣ್ಣಗಿರುವಾಗ ಸರಿಯಿದ್ದು ಬಿಸಿಯಾದಾಗ ಕುಸಿದರೆ ತೆಳುವಾದ ಆಯಿಲ್ ಅಥವಾ ಸವೆದ ಬೇರಿಂಗ್ ಕಾರಣ. ಎರಡೂ ಸ್ಥಿತಿಯಲ್ಲಿ ಕಡಿಮೆ ಇದ್ದರೆ ಆಯಿಲ್ ಪಂಪ್, ಕಟ್ಟಿಕೊಂಡ ಜಾಲರಿ ಅಥವಾ ತೆರೆದೇ ಸಿಲುಕಿರುವ ರಿಲೀಫ್ ವಾಲ್ವ್ ಪರಿಶೀಲಿಸತಕ್ಕದ್ದು.

ಹಳೆಯ ಕಾರು ಖರೀದಿಸುವವರು ಕೀಲಿ ತಿರುಗಿಸಿದಾಗ ಆಯಿಲ್ ದೀಪ ಹೊತ್ತಿ, ಇಂಜಿನ್ ಚಾಲನೆಯಾದ ಕ್ಷಣಗಳಲ್ಲಿ ಆರುತ್ತದೆಯೇ ಎಂದು ನೋಡಬೇಕು. ದೀಪವೇ ಹೊತ್ತದಿದ್ದರೆ ಬಲ್ಬ್ ಕೆಟ್ಟಿರಬಹುದು ಅಥವಾ ವೈರ್ ಕಳಚಿರಬಹುದು. ಅತಿ ದಪ್ಪದ ಆಯಿಲ್ ತುಂಬಿಸಿ ದೋಷ ಮರೆಮಾಚಿರುವ ಸಾಧ್ಯತೆಯೂ ಇರುವುದರಿಂದ, ಇಂಜಿನ್ ಪೂರ್ಣ ಬಿಸಿಯಾಗುವವರೆಗೆ ಓಡಿಸಿ ಪರೀಕ್ಷಿಸುವುದು ಒಳಿತು.

ಮಾರ್ಗ ಮಧ್ಯೆ ದೋಷ ಕಂಡುಬಂದಲ್ಲಿ

ಕೆಂಪು ಆಯಿಲ್ ದೀಪ ಹೊತ್ತಿದಲ್ಲಿ ಸುರಕ್ಷಿತ ಬದಿಯಲ್ಲಿ ವಾಹನ ನಿಲ್ಲಿಸಿ ಇಂಜಿನ್ ಆರಿಸತಕ್ಕದ್ದು. ಮುಂದಿನ ಊರಿನವರೆಗೆ ಎಂದು ಓಡಿಸಬಾರದು. ಇಂಜಿನ್ ಬಿಸಿಯಾದಾಗ ಏರ್ ಕಂಡೀಷನರ್ ಆರಿಸಿ, ಹೀಟರ್ ಇದ್ದಲ್ಲಿ ಚಾಲೂ ಮಾಡಿ ರಸ್ತೆ ಬದಿಗೆ ಬರುವುದು. ಎಚ್ಚರಿಕೆಯ ತ್ರಿಕೋನವನ್ನು ಹಿಂದೆ ಸಾಕಷ್ಟು ದೂರದಲ್ಲಿ ಇಡುವುದು. ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ಯಾವುದೇ ಕಾರಣಕ್ಕೂ ತೆರೆಯತಕ್ಕದ್ದಲ್ಲ. ಒತ್ತಡದಿಂದ ಚಿಮ್ಮುವ ದ್ರವ ಮತ್ತು ಹಬೆಯಿಂದ ಮುಖ, ಕೈಗಳಿಗೆ ತೀವ್ರ ಸುಟ್ಟಗಾಯಗಳಾಗುತ್ತವೆ. ಕನಿಷ್ಠ ಅರ್ಧ ಗಂಟೆ ಕಾದು, ಮೇಲಿನ ಹೋಸ್ ಮುಟ್ಟುವಷ್ಟು ತಣಿದ ನಂತರ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತೆರೆಯುವುದು. ಕಾದ ಇಂಜಿನ್ ಮೇಲೆ ತಣ್ಣೀರು ಸುರಿದಲ್ಲಿ ಲೋಹ ಬಿರುಕು ಬಿಡುವ ಅಪಾಯವಿರುತ್ತದೆ.

ಔರಾದ್ ಅಥವಾ ಭಾಲ್ಕಿಯಿಂದ ಬೀದರ್‌ನ ಆಸ್ಪತ್ರೆಗಳಿಗೆ ರೋಗಿಗಳನ್ನು, ಗರ್ಭಿಣಿಯರನ್ನು ಸ್ವಂತ ಕಾರಿನಲ್ಲಿ ಕರೆತರುವಾಗ ಇಂತಹ ದೋಷ ಎದುರಾದರೆ, ತುರ್ತು ಎಂಬ ಕಾರಣಕ್ಕೆ ವಾಹನವನ್ನು ಮುಂದಕ್ಕೆ ಓಡಿಸುವುದು ಸಹಜ. ಆದರೆ ಇಂಜಿನ್ ಕಟ್ಟಿಕೊಂಡ ಕಾರು ನಿರ್ಜನ ರಸ್ತೆಯಲ್ಲಿ ಉಳಿದು ಅಮೂಲ್ಯ ಸಮಯ ನಷ್ಟವಾಗುತ್ತದೆ. ದೀಪ ಹೊತ್ತಿದ ಕೂಡಲೇ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡಿ, ಇರುವ ಸ್ಥಳವನ್ನು ಸ್ಪಷ್ಟವಾಗಿ ತಿಳಿಸುವುದು ಸುರಕ್ಷಿತ ಕ್ರಮವಾಗಿರುತ್ತದೆ.

ನೋಂದಣಿಗೆ ಸಂಬಂಧಿಸಿದ ಅಂಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಖಾಸಗಿ ಕಾರಿನ ನೋಂದಣಿ ಪತ್ರವು 15 ವರ್ಷಗಳವರೆಗೆ ಸಿಂಧುವಾಗಿದ್ದು, ನಂತರ ತಪಾಸಣೆಗೊಳಪಟ್ಟು 5 ವರ್ಷಗಳ ಅವಧಿಗೆ ನವೀಕರಿಸಬಹುದಾಗಿದೆ. ಅರ್ಜಿಯನ್ನು ನಮೂನೆ 25ರಲ್ಲಿ ಸಲ್ಲಿಸತಕ್ಕದ್ದು. ಇಂಜಿನ್ ಸಂಖ್ಯೆಯು ನೋಂದಣಿ ಪತ್ರದಲ್ಲಿ ನಮೂದಾಗಿರುವುದರಿಂದ, ಕೆಟ್ಟ ಇಂಜಿನ್ ಬದಲಿಗೆ ಬೇರೊಂದನ್ನು ಅಳವಡಿಸುವ ಮುನ್ನ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸುವುದು. ಬೀದರ್‌ನಲ್ಲಿ ಕೆಎ 38 ಹಾಗೂ ಭಾಲ್ಕಿಯಲ್ಲಿ ಕೆಎ 39 ಸರಣಿಯ ನೋಂದಣಿ ಕಚೇರಿಗಳಿರುತ್ತವೆ.

ಹಳೆಯ ಆಯಿಲ್ ಅನ್ನು ಚರಂಡಿ, ಬಾವಿ ಅಥವಾ ಹೊಲಕ್ಕೆ ಸುರಿಯದೆ ಸಂಗ್ರಹಿಸಿ, ಅಧಿಕೃತ ವಿಲೇವಾರಿಗಾಗಿ ಗ್ಯಾರೇಜಿಗೆ ಒಪ್ಪಿಸಬೇಕು. ದೂರದ ಪ್ರಯಾಣಕ್ಕೆ ಮುನ್ನ ಇಂಜಿನ್ ತಣ್ಣಗಿರುವಾಗ ಕೂಲೆಂಟ್, ಆಯಿಲ್ ಮತ್ತು ಬೆಲ್ಟ್ ಪರಿಶೀಲಿಸಲು ಐದು ನಿಮಿಷ ಸಾಕಾಗುತ್ತದೆ. ವಾಹನ ಮಾಲೀಕರು ಮತ್ತು ಚಾಲಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.