ಅಂಗಡಿಯ ಅಗತ್ಯವೂ ಯಂತ್ರದ ಆಯ್ಕೆಯೂ

2025ರ ಜುಲೈ ತಿಂಗಳಿನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು, ಯುಪಿಐ ಮೂಲಕ ಜಮೆಯಾದ ಹಣದ ಮೊತ್ತವನ್ನು ಆಧಾರವಾಗಿಟ್ಟುಕೊಂಡು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ, ಬೆಂಗಳೂರಿನ ಹಲವು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮುಂದಿದ್ದ ಕ್ಯೂಆರ್ ಕೋಡುಗಳು ಮರೆಯಾಗಿ ‘ನಗದು ಮಾತ್ರ’ ಎಂಬ ಬರಹಗಳು ಕಾಣಿಸಿಕೊಂಡವು. ಆ ಸುದ್ದಿಯನ್ನೋದಿದ ದಿನಸಿ ಅಂಗಡಿಯ ಮಾಲೀಕರೊಬ್ಬರು, ತಮ್ಮಂಥವರು ಯಾವ ಯಂತ್ರವನ್ನು, ಯಾವ ಆ್ಯಪನ್ನು ಕೊಂಡರೆ ಕ್ಷೇಮವೆಂದು ಕೇಳಿದ್ದಾರೆ. ಏನನ್ನು ಕೊಳ್ಳಬೇಕೆಂಬುದಕ್ಕೆ ಮುನ್ನ ಯಾವುದರ ಕೊರತೆಯಿದೆಯೆಂಬುದು ನಿರ್ಣಯವಾಗಬೇಕು. ಆ ಕ್ರಮವನ್ನು ಕಲಿಯಲು ಅಂಗಡಿಯಿಂದ ಮರೆಯಾದ ಆ ಕಪ್ಪುಬಿಳುಪು ಚೌಕದ ಚರಿತ್ರೆಗಿಂತ ಉತ್ತಮವಾದ ಪಾಠ ಬೇರೊಂದಿಲ್ಲ.

ಕ್ಯೂಆರ್ ಕೋಡು ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ಎಂಬ ವಾಹನಭಾಗಗಳ ಸಂಸ್ಥೆಯಲ್ಲಿ. ಅಲ್ಲಿಯ ಕಾರ್ಮಿಕರು ಒಂದೊಂದು ಪೆಟ್ಟಿಗೆಗೂ ಅಂಟಿಸಿದ್ದ ಸುಮಾರು 10 ಬಾರ್‌ಕೋಡುಗಳನ್ನು ಒಂದಾದಮೇಲೊಂದರಂತೆ ಓದಿಸುತ್ತ ದಣಿಯುತ್ತಿದ್ದರು. ಒಂದು ಬಾರ್‌ಕೋಡಿನಲ್ಲಿ ಹಿಡಿಯುತ್ತಿದ್ದುದು ಇಪ್ಪತ್ತರಷ್ಟು ಅಕ್ಷರ ಮಾತ್ರ. ಅನ್ಯರು ಚಿಕ್ಕ ಸ್ಥಳದಲ್ಲಿ ಅಧಿಕ ಮಾಹಿತಿಯನ್ನು ತುಂಬುವುದಕ್ಕೇ ಪ್ರಾಧಾನ್ಯ ಕೊಟ್ಟಿದ್ದ ಕಾಲದಲ್ಲಿ, ಇಂಜಿನಿಯರ್ ಮಸಾಹಿರೊ ಹಾರಾ ಅವರು ಶೀಘ್ರವಾಗಿ ಓದಿಸಿಕೊಳ್ಳುವ ಗುಣವನ್ನೇ ಮುಖ್ಯವೆಂದು ಬಗೆದರು. ‘ಗೋ’ ಆಟದ ಮಣೆಯ ಮೇಲಿನ ಕರಿಬಿಳಿ ಕಾಯಿಗಳು ಅವರಿಗೆ ವಿನ್ಯಾಸದ ಸ್ಫೂರ್ತಿಯನ್ನಿತ್ತವು. ಸುತ್ತಲಿನ ಮುದ್ರಣದಿಂದ ಕೋಡನ್ನು ಪ್ರತ್ಯೇಕಿಸಿ ಗುರುತಿಸುವುದು ಹೇಗೆಂಬ ಸಮಸ್ಯೆ ತಲೆದೋರಿದಾಗ, ಹಾರಾ ಮತ್ತು ಅವರ ಸಹೋದ್ಯೋಗಿ ಕರಪತ್ರ, ಪತ್ರಿಕೆ, ರಟ್ಟಿನ ಪೆಟ್ಟಿಗೆ ಮೊದಲ್ಗೊಂಡು ಅಸಂಖ್ಯ ಮುದ್ರಿತ ವಸ್ತುಗಳನ್ನು ಪರಿಶೀಲಿಸಿ, ಅವುಗಳಲ್ಲಿ ಅತ್ಯಂತ ವಿರಳವಾಗಿದ್ದ 1:1:3:1:1 ಎಂಬ ಕಪ್ಪುಬಿಳುಪಿನ ಪ್ರಮಾಣವನ್ನು ಕಂಡುಹಿಡಿದರು. ಮೂರು ಮೂಲೆಗಳ ಚೌಕಗಳು ಆ ಪ್ರಮಾಣದಿಂದಲೇ ರಚಿತವಾದವು. ಕಾರ್ಖಾನೆಯೆಂದ ಮೇಲೆ ಎಣ್ಣೆಯ ಕಲೆ ತಪ್ಪದು. ಅದಕ್ಕಾಗಿ 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ ಎಂಬ ಗಣಿತಜ್ಞರು ರೂಪಿಸಿದ್ದ ದೋಷನಿವಾರಣಾ ವಿಧಾನವನ್ನು ಅಳವಡಿಸಿದುದರಿಂದ, ಗರಿಷ್ಠ ರಕ್ಷಣೆಯುಳ್ಳ ಕೋಡು ಶೇಕಡ 30ರಷ್ಟು ಕೆಟ್ಟರೂ ತನ್ನೊಳಗಿನ ವಿಷಯವನ್ನು ಬಿಟ್ಟುಕೊಡಬಲ್ಲದು. ದುಡಿಯುವವನ ಕೈ ದಣಿದದ್ದೆಲ್ಲಿ, ಕೆಲಸ ನಿಂತದ್ದೆಲ್ಲಿ, ಕೊಳೆ ಮೆತ್ತಿದ್ದೆಲ್ಲಿ ಎಂಬ ವಿಚಾರಣೆಯಿಂದಲೇ ಈ ಮೂರು ಗುಣಗಳೂ ಮೈದಾಳಿದವೆಂಬುದು ಮನನಯೋಗ್ಯ.

ನಮ್ಮ ಅಂಗಡಿಗಳಲ್ಲಿ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕನ್ನಡದಲ್ಲಿ ನುಡಿಯುವ ಸೌಂಡ್‌ಬಾಕ್ಸ್ ಕೂಡ ಇಂಥದೇ ವಿವೇಕದ ಫಲ. ಎರಡು ಕೈಯಿಂದಲೂ ಬೇಳೆ ಕಟ್ಟುತ್ತಿರುವವನು ಪ್ರತಿ ಸಾರಿಯೂ ಮೊಬೈಲನ್ನು ನೋಡಲಾರ. ಗಿರಾಕಿ ತೋರಿಸುವ ಪರದೆಯ ಚಿತ್ರವೂ ಸುಳ್ಳಿರಬಹುದು. ಮಾಲೀಕ ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ಮಂಡಿಗೆ ಹೋದರೆ ಅಂಗಡಿಯಲ್ಲುಳಿದ ಹುಡುಗನಿಗೆ ಹಣ ಬಂದುದು ತಿಳಿಯದು. ತನ್ನದೇ ಸಿಮ್ ಉಳ್ಳ ಆ ಪುಟ್ಟ ಪೆಟ್ಟಿಗೆ ಈ ಮೂರು ತೊಡಕುಗಳನ್ನೂ ಒಮ್ಮೆಗೇ ಬಿಡಿಸಿತು.

ಆದರೆ ಹಣವನ್ನು ಪಡೆಯುವ ಅಗತ್ಯ ಪೂರೈಸಿದ ಮಾತ್ರಕ್ಕೆ ಲೆಕ್ಕವಿಡುವ ಅಗತ್ಯ ಪೂರೈಸಿತೆಂದು ಭಾವಿಸಿದುದೇ ಆ ನೋಟೀಸುಗಳ ಅನರ್ಥಕ್ಕೆ ದಾರಿಯಾಯಿತು. ವಾರ್ಷಿಕ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿಯನ್ನು ದಾಟಿದರೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಅವಶ್ಯ. ತಾಜಾ ತರಕಾರಿ, ಹಾಲುಗಳಂಥ ವಿನಾಯಿತಿ ಪಡೆದ ಪದಾರ್ಥಗಳನ್ನಷ್ಟೇ ಮಾರುವವರಿಗೆ ಆ ಬಾಧ್ಯತೆಯಿಲ್ಲ. ಬ್ಯಾಂಕಿನ ಜಮೆಯಾದರೋ ಎಷ್ಟು ಬಂತೆಂಬುದನ್ನು ಹೇಳೀತೇ ಹೊರತು, ಅದು ಸೊಪ್ಪಿನ ಬೆಲೆಯೋ ಸೋಪಿನ ಬೆಲೆಯೋ ಅಥವಾ ನೆಂಟರು ಹಿಂತಿರುಗಿಸಿದ ಕೈಸಾಲವೋ ಎಂಬುದನ್ನು ಹೇಳಲಾರದು. ಅದನ್ನು ಹೇಳಬಲ್ಲುದು ಮಾರಾಟದ ಸಮಯದಲ್ಲೇ ಬರೆದಿಟ್ಟ ಬಿಲ್ಲು ಮಾತ್ರ.

ಆದುದರಿಂದ ಅಂಗಡಿಯವರು ಮೊದಲು ಮಾಡತಕ್ಕ ಕೆಲಸವೆಂದರೆ, ಒಂದು ವಾರಪರ್ಯಂತ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದು ತೊಡಕನ್ನೂ ಅದು ಸಂಭವಿಸಿದಾಗಲೇ ಬರೆದಿಡುವುದು. ಕೇಳಿದ ಸಾಮಾನು ಇಲ್ಲವೆಂದು ಗಿರಾಕಿ ಹಿಂತಿರುಗಿದುದು, ಅವಧಿ ಮೀರಿದ ಬಿಸ್ಕತ್ತು ಕಪಾಟಿನ ಹಿಂಭಾಗದಲ್ಲಿ ಸಿಕ್ಕಿದುದು, ಉದ್ರಿ ಪುಸ್ತಕದ ಬಾಕಿಯ ವಿಷಯದಲ್ಲಿ ಜಗಳವಾದುದು, ಸಂಜೆ ಗಲ್ಲಾದ ಹಣಕ್ಕೂ ಲೆಕ್ಕಕ್ಕೂ ತಾಳೆಯಾಗದಿದ್ದುದು, ಎಲ್ಲವೂ ಅದರಲ್ಲಿರಲಿ. ವಾರಾಂತ್ಯದಲ್ಲಿ ಯಾವುದು ಎಷ್ಟು ಸಾರಿ ಬಂತು, ಎಷ್ಟು ನಷ್ಟವನ್ನು ತಂದಿತು ಎಂಬುದನ್ನು ಎಣಿಸಿ, ಅತ್ಯಂತ ಭಾರವಾದ ಒಂದನ್ನೇ ಮೊದಲು ಆರಿಸಿಕೊಳ್ಳಬೇಕು. ಉದ್ರಿಯೇ ಹೊರೆಯಾಗಿದ್ದರೆ ಮೊಬೈಲಿನ ಖಾತೆಪುಸ್ತಕವೊಂದೇ ಸಾಕು. ಸರಕೇ ಕೆಡುತ್ತಿದ್ದರೆ ಬಾರ್‌ಕೋಡ್ ಓದುವ ಬಿಲ್ಲಿಂಗ್ ಯಂತ್ರ ಬೇಕಾದೀತು. ಕೊಳ್ಳುವ ಸಾಧನವನ್ನು ದಿನವೂ ಮುಟ್ಟುವವರು ಯಾರು, ಅವರಿಗೆ ಕನ್ನಡದಲ್ಲಿ ಓದಲು ದೊರೆಯುವುದೇ, ವಿದ್ಯುತ್ತೂ ನೆಟ್‌ವರ್ಕೂ ಹೋದಾಗ ವ್ಯಾಪಾರ ನಡೆಯುವುದೇ, ಮುಂದೆ ಬೇರೆ ಯಂತ್ರಕ್ಕೆ ಹೋಗಬೇಕಾದರೆ ನಮ್ಮ ಲೆಕ್ಕ ನಮ್ಮ ಕೈಗೆ ಬರುವುದೇ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಹಣ ತೆರತಕ್ಕದ್ದಲ್ಲ. ಎಲ್ಲವನ್ನೂ ಮಾಡುವೆನೆಂಬ ದೊಡ್ಡ ತಂತ್ರಾಂಶವನ್ನು ಕೊಂಡು ಅದರ ಹತ್ತರಲ್ಲೊಂದಂಶವನ್ನು ಬಳಸುವುದಕ್ಕಿಂತ, ಒಂದೇ ತೊಡಕನ್ನು ಪೂರ್ಣವಾಗಿ ನೀಗುವ ಸಣ್ಣ ಸಾಧನವೇ ಸಣ್ಣ ವ್ಯಾಪಾರಕ್ಕೆ ಶ್ರೇಯಸ್ಕರ. ಎರಡನೆಯದನ್ನು ಕೊಳ್ಳುವ ಕಾಲ ಬಂದಿತೇ ಎಂಬುದನ್ನು ನೋಟ್‌ಬುಕ್ಕಿನ ಎರಡನೆಯ ವಾರದ ಎಣಿಕೆಯೇ ತಿಳಿಸುತ್ತದೆ.