ಕಾಣದುದನ್ನು ಕೈ ಕಲಿಯುವ ಬಗೆ

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳವನ್ನು ಹಾದು ಹೋಗುವ ವಾಚಕರು ಅಲ್ಲಿಯ ಪಶುವೈದ್ಯಕೀಯ ಮಹಾವಿದ್ಯಾಲಯವನ್ನು ನೋಡಿರಬಹುದು. ಅದು ಪ್ರಾರಂಭವಾದುದು 1958ರಲ್ಲಿ. ಪಶುವೈದ್ಯನಾಗುವವನು ಕಲಿಯಬೇಕಾದ ವಿದ್ಯೆಗಳಲ್ಲಿ ಒಂದು ಪುಸ್ತಕ ಓದಿದರೂ ಬಾರದು, ಇನ್ನೊಬ್ಬರು ಮಾಡುವುದನ್ನು ನೋಡಿದರೂ ಬಾರದು. ಹಸು ಗಬ್ಬವಾಗಿದೆಯೋ ಇಲ್ಲವೋ ಎಂಬುದನ್ನು ಕೈಯಿಂದ ತಡವಿ ಹೇಳುವ ವಿದ್ಯೆ ಅದು.

ಗಬ್ಬವಾಗದ ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುವುದು. ಗಬ್ಬವಾಗಿದೆಯೆಂದು ನಂಬಿ ರೈತನು ಮೂರು ನಾಲ್ಕು ಬೆದೆಗಳನ್ನು ಕಳೆದುಕೊಂಡನೆಂದರೆ ಅಷ್ಟು ದಿನಗಳ ಮೇವು, ಹಿಂಡಿ ವ್ಯರ್ಥವಾದಂತೆಯೇ. ಒಂದೆರಡು ಹಸುಗಳ ಹಾಲಿನಿಂದ ಸಂಸಾರ ತೂಗಿಸುವವನಿಗೆ ಇದು ಸಣ್ಣ ನಷ್ಟವಲ್ಲ. ಗಬ್ಬವಾದುದನ್ನು ಬರಿದೆಂದು ತಿಳಿದು ಮತ್ತೆ ಕೃತಕ ಗರ್ಭಧಾರಣೆಯ ನಳಿಗೆಯನ್ನು ತೂರಿಸಿದರೆ ಗರ್ಭವೇ ಇಳಿದುಹೋಗಬಹುದು.

ವೈದ್ಯನು ಭುಜದವರೆಗೂ ಬರುವ ಗ್ಲೌಸು ತೊಟ್ಟು, ಬೆರಳುಗಳನ್ನು ಮೊನೆಗೂಡಿಸಿ, ಗುದನಾಳದೊಳಕ್ಕೆ ಕೈ ತೂರಿಸಿ ಸಗಣಿಯನ್ನು ತೆಗೆಯುವನು; ಬಳಿಕ ಆ ನಾಳದ ಗೋಡೆಯ ಮೂಲಕವೇ ಕೆಳಗಿರುವ ಗರ್ಭಕೋಶವನ್ನು ತಡವುವನು. ಮೊದಲು ಅದರ ಕೊರಳನ್ನು, ಎಂದರೆ ಗಂಟುಗಂಟಾದ ಗಟ್ಟಿ ಕೊಳವೆಯೊಂದನ್ನು, ಗುರುತಿಸಬೇಕು. ಅಲ್ಲಿಂದ ಮುಂದಕ್ಕೆ ಎರಡು ಕೊಂಬುಗಳು. ಸುಮಾರು 35 ದಿನಗಳು ಕಳೆದಿದ್ದರೆ, ಕೊಂಬಿನ ಗೋಡೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಮೆಲ್ಲನೆ ಹಿಡಿದು ಎತ್ತಿದಾಗ ಒಳಗಿನ ತೆಳುಪೊರೆಯು ದಾರದಂತೆ ಮೊದಲು ಜಾರಿ, ಗೋಡೆಯು ಅನಂತರ ಜಾರುವುದು. ಈ ಎರಡು ಜಾರುವಿಕೆಗಳನ್ನು ಬೇರೆಬೇರೆಯಾಗಿ ಅರಿತವನೇ ಗಬ್ಬವೆಂದು ಧೈರ್ಯವಾಗಿ ಹೇಳಬಲ್ಲನು. ಹಿಡಿತ ಬಿಗಿಯಾದರೆ ಭ್ರೂಣಕ್ಕೆ ಅಪಾಯ. ಸಡಿಲವಾದರೆ ಏನೂ ತಿಳಿಯದು. ಇದರ ನಡುವೆ ಕರುಳು ಅಲೆಯಲೆಯಾಗಿ ಕೈಯನ್ನು ಹಿಂಡುತ್ತಿರುವುದು.

ಒಂದು ಕೈಯ ಅಂಗೈ ಬೆರಳುಗಳ ಚರ್ಮದಲ್ಲಿ ಸ್ಪರ್ಶವನ್ನರಿಯುವ ನರತಂತುಗಳು ಸುಮಾರು 17,000 ಇವೆಯೆಂದು ಸ್ವೀಡನ್ನಿನ ಯೋಹಾನ್ಸನ್ ಮತ್ತು ವಾಲ್ಬೊ ಎಂಬವರು 1979ರಲ್ಲಿ ಅಂದಾಜು ಮಾಡಿದರು. ಕೆಲವು ಒಂದೇ ಸಮನಾದ ಒತ್ತಡವನ್ನೂ, ಕೆಲವು ಜಾರುವಿಕೆಯನ್ನೂ, ಮತ್ತೆ ಕೆಲವು ಸೆಕೆಂಡಿಗೆ 250ರ ಆಸುಪಾಸಿನ ಸೂಕ್ಷ್ಮ ಕಂಪನಗಳನ್ನೂ ತಿಳಿಸುವುವು. ಸ್ನಾಯುಗಳಲ್ಲಿರುವ ನರತುದಿಗಳು ಕೈ ಎಲ್ಲಿದೆಯೆಂಬುದನ್ನು ಕಣ್ಣಿನ ಸಹಾಯವಿಲ್ಲದೆ ಹೇಳುವುವು. ಆದರೆ ಈ ಸುದ್ದಿಯ ವೇಗ ಸೆಕೆಂಡಿಗೆ ಸುಮಾರು 50 ಮೀಟರು ಮಾತ್ರ. ಬೆರಳಿನಿಂದ ಮೆದುಳಿಗೆ ಒಂದು ಮೀಟರು ದೂರವೆಂದರೂ ಸೆಕೆಂಡಿನ ಐವತ್ತನೆಯ ಒಂದು ಭಾಗ ಹಿಡಿಯುವುದು. ಮೆದುಳಿನ ಕೆಲಸಕ್ಕೂ ಮರಳಿ ಬರುವ ಆಜ್ಞೆಗೂ ಇನ್ನಷ್ಟು ಹೊತ್ತು ಬೇಕು. ಆದುದರಿಂದ ಪಳಗಿದ ಕೈಯು ಸುದ್ದಿಗಾಗಿ ಕಾಯದೆ, ಮುಂದೇನು ತಗಲೀತೆಂದು ಊಹಿಸಿಕೊಂಡೇ ಚಲಿಸುವುದು. ಊಹೆಗೂ ಸ್ಪರ್ಶಕ್ಕೂ ಹೊಂದದಿದ್ದಲ್ಲಿ ಊಹೆಯನ್ನು ತಿದ್ದಿಕೊಳ್ಳುವುದು. ಸ್ಪರ್ಶವೇ ಮಂದವಾಗಿದ್ದರೆ ತಪ್ಪು ಗೊತ್ತಾಗುವುದೆಂತು, ತಿದ್ದುವುದೆಂತು?

ಹಾಗಾದರೆ ಸ್ಪರ್ಶವನ್ನು ಮೊದಲು ಹರಿತಗೊಳಿಸಿದರೆ ಚಲನೆಯ ಕಲಿಕೆ ಸುಲಭವಾದೀತೆ? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಡೇವಿಡ್ ಆಸ್ಟ್ರಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗವು ಹೌದೆನ್ನುವುದು. ಯಂತ್ರವೊಂದು ಜನರ ಕೈಯನ್ನು, ಅವರ ಕಣ್ಣಿಗೆ ಬೀಳದಂತೆ, ಎಡಕ್ಕೋ ಬಲಕ್ಕೋ ಕೊಂಚ ಸರಿಸುವುದು. ಯಾವ ಕಡೆಗೆಂದು ಅವರು ಹೇಳಬೇಕು. ಈ ಅಭ್ಯಾಸ ಪಡೆದವರು ಆಮೇಲೆ ಯಂತ್ರದ ಬಲಕ್ಕೆ ಎದುರಾಗಿ ಕೈ ಚಲಿಸುವುದನ್ನು ಉಳಿದವರಿಗಿಂತ ಬೇಗ ಕಲಿತರು. ಇದಕ್ಕೆ ವಿಲೋಮವೂ ಉಂಟು: ಚಲನೆಯನ್ನು ಕಲಿತ ಮೇಲೆ ಕೈಯ ಅರಿವು ಬದಲಾಗುವುದೆಂದು ಅದೇ ಪ್ರಯೋಗಶಾಲೆ ಹಿಂದೆಯೇ ತೋರಿಸಿತ್ತು.

ಭೌತವಿಜ್ಞಾನದವರಾದ ನಾವು ಬೆರಳನ್ನು ನಂಬುವವರಲ್ಲ. ಸ್ಕ್ರೂ ಗೇಜಿನ ತುದಿಯಲ್ಲಿ ಟಿಕ್ ಟಿಕ್ ಎನ್ನುವ ರ‍್ಯಾಚೆಟ್ಟನ್ನು ಇಟ್ಟಿರುವುದೇ ಹಿಡಿಯುವವನ ಒತ್ತಡ ಲೆಕ್ಕಕ್ಕೆ ಬಾರದಿರಲೆಂದು. ಪಶುವೈದ್ಯನಿಗೆ ಅಂತಹ ಅನುಕೂಲವಿಲ್ಲ. ಅವನ ಗುರುವಿನ ಕಷ್ಟವಂತೂ ಇನ್ನೂ ದೊಡ್ಡದು: ಶಿಷ್ಯನ ಬೆರಳು ಒಳಗೆ ಗರ್ಭಕೋಶವನ್ನು ಮುಟ್ಟಿದೆಯೋ ಮೂತ್ರಕೋಶವನ್ನು ಮುಟ್ಟಿದೆಯೋ ಗುರುವಿಗೆ ಕಾಣದು. ಇದಕ್ಕಾಗಿ ಬ್ರಿಟನ್ನಿನ ಪಶುವೈದ್ಯೆ ಸಾರಾ ಬೇಲಿ ಎಂಬವರು ‘ಹ್ಯಾಪ್ಟಿಕ್ ಹಸು’ವನ್ನು ನಿರ್ಮಿಸಿದರು. ಹಸುವಿನ ಹಿಂಭಾಗದ ಬೊಂಬೆಯೊಳಗೆ ಕಂಪ್ಯೂಟರಿಗೆ ಜೋಡಿಸಿದ ಸಾಧನವೊಂದು ವಿದ್ಯಾರ್ಥಿಯ ಬೆರಳಿಗೆ ಎದುರೊತ್ತಡವನ್ನು ಕೊಡುವುದು. ಬೆರಳಿನ ಸ್ಥಾನವು ಪರದೆಯ ಮೇಲೆ ಗುರುವಿಗೆ ಕಾಣುವುದು. ಇದರಲ್ಲಿ ಅಭ್ಯಾಸ ಮಾಡಿದ ವಿದ್ಯಾರ್ಥಿಗಳು ನಿಜವಾದ ಹಸುವಿನಲ್ಲಿಯೂ ಗರ್ಭಕೋಶವನ್ನು ಇತರರಿಗಿಂತ ಚೆನ್ನಾಗಿ ಗುರುತಿಸಿದರೆಂದು 2005ರಲ್ಲಿ ವರದಿಯಾಯಿತು.

ಈಗ ಶ್ರವಣಾತೀತ ಧ್ವನಿಯ ಉಪಕರಣದಿಂದ ಸುಮಾರು 30 ದಿನಗಳ ಗರ್ಭವನ್ನು ಪರದೆಯ ಮೇಲೆಯೇ ನೋಡಬಹುದು. ಆದರೆ ಆ ಉಪಕರಣವನ್ನು ಕೈಯಲ್ಲಿ ಹಿಡಿದು ಒಳಗೊಯ್ಯುವ ವೈದ್ಯನೂ ಗರ್ಭಕೋಶ ಎಲ್ಲಿದೆಯೆಂಬುದನ್ನು ಸಾಮಾನ್ಯವಾಗಿ ಮೊದಲು ತಡವಿಯೇ ತಿಳಿಯುವನು.