ಮಕ್ಕಳನ್ನು ಬೋರ್ಡಿಂಗಿಗೆ ಕಳುಹಿಸುವ ಮುನ್ನ

ಘಟ್ಟದ ತಪ್ಪಲಿನ ಸಿದ್ದಾಪುರದಂತಹ ಊರುಗಳಲ್ಲಿ ಮಕ್ಕಳ ಮುಂದಿನ ವಿದ್ಯಾಭ್ಯಾಸದ ಮಾತು ಬಂದಾಗ ‘ಬೋರ್ಡಿಂಗಿಗೆ ಹಾಕೋಣವೇ?’ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುವುದುಂಟು. ತಂದೆಗೆ ಅದು ಶಿಸ್ತಿನ ಭರವಸೆ; ತಾಯಿಗೆ ಅಗಲಿಕೆಯ ಅಳುಕು. ಈ ಪದ್ಧತಿ ಎಲ್ಲಿಂದ ಬಂತು, ಏನನ್ನು ಕೊಟ್ಟಿತು, ಏನನ್ನು ಕಸಿದುಕೊಂಡಿತು ಎಂಬುದನ್ನು ಅರಿತರೆ ನಿರ್ಧಾರಕ್ಕೆ ನೆರವಾದೀತು.

ಇಂಗ್ಲೆಂಡಿನ ರಗ್ಬಿ ಶಾಲೆಗೆ 1828ರಲ್ಲಿ ಮುಖ್ಯೋಪಾಧ್ಯಾಯರಾಗಿ ಬಂದ ಥಾಮಸ್ ಆರ್ನಾಲ್ಡರು ಧರ್ಮ ಮತ್ತು ನೀತಿಗೆ ಮೊದಲ ಸ್ಥಾನ, ಸಭ್ಯ ನಡತೆಗೆ ಎರಡನೆಯದು, ಬುದ್ಧಿಶಕ್ತಿಗೆ ಮೂರನೆಯದು ಎಂದು ನಿಶ್ಚಯಿಸಿದರು. ಪ್ರಾರ್ಥನಾ ಮಂದಿರ ಶಾಲೆಯ ಹೃದಯವಾಯಿತು. ಹಿರಿಯ ವಿದ್ಯಾರ್ಥಿಗಳಿಗೆ ಕಿರಿಯರ ಹೊಣೆಯನ್ನು ವಹಿಸಲಾಯಿತು. ಗಂಟೆಯ ಸದ್ದಿಗೆ ಏಳುವುದು, ಲ್ಯಾಟಿನ್ ಮತ್ತು ಗ್ರೀಕ್ ಪಾಠ, ಸಾಮೂಹಿಕ ಭೋಜನ, ಆಟ: ಇದೇ ಅಲ್ಲಿನ ದಿನಚರಿ.

ಕಥೋಲಿಕರ ಕಥೆ ಇನ್ನೂ ಹಳೆಯದು. ಇಂಗ್ಲೆಂಡಿನಲ್ಲಿ ಕಥೋಲಿಕ ಶಿಕ್ಷಣಕ್ಕೆ ನಿಷೇಧವಿದ್ದ ಕಾಲದಲ್ಲಿ, 1593ರಲ್ಲಿ, ಯೇಸುಸಭೆಯವರು ಸಮುದ್ರದಾಚೆಯ ಸೇಂಟ್ ಓಮೆರ್ ಪಟ್ಟಣದಲ್ಲಿ ಶಾಲೆ ತೆರೆದರು. ಕಾನೂನಿನ ಭಯವಿದ್ದರೂ ಹೆತ್ತವರು ಮಕ್ಕಳನ್ನು ಅಲ್ಲಿಗೆ ಕಳುಹಿಸಿದರು. ಅನೇಕ ಅಲೆದಾಟಗಳ ಬಳಿಕ ಆ ಶಾಲೆ 1794ರಲ್ಲಿ ಲ್ಯಾಂಕಶೈರಿನ ಸ್ಟೋನಿಹರ್ಸ್ಟ್‌ನಲ್ಲಿ ನೆಲೆಯೂರಿತು. ಆ ಹೆತ್ತವರಿಗೆ ಬೋರ್ಡಿಂಗ್ ಪ್ರತಿಷ್ಠೆಯ ವಿಷಯವಾಗಿರಲಿಲ್ಲ. ವಿಶ್ವಾಸವನ್ನು ಮುಂದಿನ ಪೀಳಿಗೆಗೆ ದಾಟಿಸುವ ದಾರಿಯಾಗಿತ್ತು.

ಈ ಪರಂಪರೆ ನಮ್ಮ ರಾಜ್ಯಕ್ಕೂ ಬಂತು. ಬೆಂಗಳೂರಿನಲ್ಲಿ ಪ್ಯಾರಿಸಿನ ವಿದೇಶ ಮಿಶನ್ ಸಂಸ್ಥೆಯ ಧರ್ಮಗುರುಗಳು 1858ರಲ್ಲಿ ಸ್ಥಾಪಿಸಿದ ಸಂತ ಜೋಸೆಫರ ವಿದ್ಯಾಸಂಸ್ಥೆಯನ್ನು 1937ರಲ್ಲಿ ಯೇಸುಸಭೆಯವರು ವಹಿಸಿಕೊಂಡರು. 1865ರಲ್ಲಿ ಆಂಗ್ಲಿಕನ್ ಸಭೆಯ ಬಿಷಪ್ ಕಾಟನ್ ಶಾಲೆ ಆರಂಭವಾಯಿತು. ಯಾರ ಹೆಸರನ್ನು ಆ ಶಾಲೆ ಹೊತ್ತಿದೆಯೋ ಆ ಕಾಟನ್ ಅವರು ರಗ್ಬಿಯಲ್ಲಿ ಆರ್ನಾಲ್ಡರ ಕೈಕೆಳಗೆ ಅಧ್ಯಾಪಕರಾಗಿದ್ದವರು. ಕೊಡಗಿನ ಜನರಲ್ ತಿಮ್ಮಯ್ಯನವರು ಅಲ್ಲಿ ಕಲಿತರು. 1870ರ ದಶಕದಲ್ಲಿ ಅದರ ಮುಖ್ಯಸ್ಥರಾಗಿದ್ದ ಜಿ. ಯು. ಪೋಪ್ ತಮಿಳಿನ ಮಹಾ ವಿದ್ವಾಂಸರು. ಅವರ ತಿರುಕ್ಕುರಳ್ ಅನುವಾದ 1886ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಶಾಲೆಯನ್ನು ನಡೆಸಿದವರೇ ಈ ನೆಲದ ನುಡಿಗೆ ತಲೆಬಾಗಿದ್ದರೆಂಬುದು ಗಮನಾರ್ಹ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಎಂಟರ ಹರೆಯದಲ್ಲೇ ಮನೆ ಬಿಟ್ಟ ಆಂಗ್ಲ ಬಾಲಕರು ಅಳುವನ್ನು ನುಂಗಲು ಕಲಿತರು. ಕಿರಿಯರು ಹಿರಿಯರ ಆಳುಗಳಂತೆ ದುಡಿಯಬೇಕಿತ್ತು. ಬೆತ್ತದ ಏಟು ನಿತ್ಯದ ಮಾತು. ಇಂಗ್ಲೆಂಡಿನ ಖಾಸಗಿ ಶಾಲೆಗಳಲ್ಲಿ ಅದು ನಿಷಿದ್ಧವಾದುದು 1999ರಲ್ಲಷ್ಟೇ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಆದುದರಿಂದ ಹೆತ್ತವರು ಕಟ್ಟಡದ ಅಂದವನ್ನೂ ಶುಲ್ಕದ ಪಟ್ಟಿಯನ್ನೂ ನೋಡಿ ಸುಮ್ಮನಾಗಬಾರದು. ರಾತ್ರಿ ಮಗುವಿಗೆ ಜ್ವರ ಬಂದರೆ ನೋಡುವವರು ಯಾರು? ಹಿರಿಯ ಹುಡುಗರ ಕಾಟವಾದರೆ ಯಾರಲ್ಲಿ ಹೇಳಿಕೊಳ್ಳಬೇಕು? ಮನೆಗೆ ಮಾತನಾಡಲು ಎಷ್ಟು ದಿನಕ್ಕೊಮ್ಮೆ ಅವಕಾಶ? ಇವನ್ನು ಕೇಳಲು ಸಂಕೋಚ ಬೇಡ. ಮಗುವಿನ ಅಭಿಪ್ರಾಯವನ್ನೂ ಕೇಳೋಣ.

ಕಳುಹಿಸಲಾಗದವರು ಕೊರಗಬೇಕಾಗಿಲ್ಲ. ನಿಗದಿತ ಹೊತ್ತಿಗೆ ಓದು, ಸಂಜೆ ಆಟ, ರಾತ್ರಿ ಒಟ್ಟಾಗಿ ಪ್ರಾರ್ಥನೆ, ಅಣ್ಣ ಅಕ್ಕಂದಿರಿಗೆ ತಮ್ಮ ತಂಗಿಯರ ಹೊಣೆ: ಬೋರ್ಡಿಂಗಿನ ಈ ಒಳ್ಳೆಯ ಗುಣಗಳಿಗೆ ಹಣ ಬೇಕಿಲ್ಲ. ಟಿ.ವಿ., ಮೊಬೈಲುಗಳನ್ನು ಹಿರಿಯರೇ ಮೊದಲು ಬದಿಗಿಟ್ಟರೆ ಸಾಕು. ಕಳುಹಿಸುವವರಾದರೆ ಒಂದನ್ನು ಮರೆಯದಿರಲಿ: ಎಷ್ಟೇ ಚೆಂದದ ಇಂಗ್ಲಿಷ್ ಕಲಿತರೂ, ರಜೆಗೆ ಬಂದ ಮಗು ಅಜ್ಜಿಯ ಪಕ್ಕದಲ್ಲಿ ಕುಳಿತು ಅವರದೇ ಭಾಷೆಯಲ್ಲಿ ಮಾತನಾಡುವಂತಿರಬೇಕು.